ಇನ್ನಾಸಪ್ಪನ ಮಾತಿನ ಉಪವಾಸ

ಕಪಿಲಾ ಹೊಳೆಯ ದಡದಲ್ಲಿ ಒಂದು ಪುಟ್ಟ ಆಶ್ರಮ. ಹೊಂಗೆಮರದ ಕೆಳಗೆ ಕಲ್ಲಿನ ಶಿಲುಬೆ, ಶಿಲುಬೆಯ ಪಕ್ಕ ಒಂದು ಚಾಪೆ, ಚಾಪೆಯ ಮೇಲೆ ಜ್ಞಾನಪ್ರಕಾಶ ಗುರುಗಳು. ಬಂದವರಿಗೆ ಅವರು ಮೊದಲು ಕುಡಿಯಲು ನೀರು ಕೊಡುತ್ತಿದ್ದರು. ಮಾತು ಆಮೇಲೆ.

ಅವರ ಶಿಷ್ಯ ಇನ್ನಾಸಪ್ಪ ಸನ್ಯಾಸಿಯಲ್ಲ, ಸಂಸಾರಸ್ಥ. ಪಕ್ಕದ ಕೇರಿಯಲ್ಲಿ ಮನೆ. ಉಪದೇಶಿಯಾಗಬೇಕು, ಊರೂರು ತಿರುಗಿ ಯೇಸುಸ್ವಾಮಿಯ ಮಾತು ಹೇಳಬೇಕು ಎಂಬ ಆಸೆಯಿಂದ ದಿನಾ ಸಂಜೆ ಪಾಠಕ್ಕೆ ಬರುತ್ತಿದ್ದ. ಬುದ್ಧಿವಂತ. ಸ್ವಲ್ಪ ಹೆಚ್ಚೇ ಬುದ್ಧಿವಂತ ಎಂದು ಅವನ ಹೆಂಡತಿ ಲೂರ್ದಮ್ಮ ಹೇಳುತ್ತಿದ್ದಳು.

ಯೇಸುಸ್ವಾಮಿ ಎದ್ದುಬಂದ ಪಾಸ್ಕ ಹಬ್ಬಕ್ಕೆ ಮುಂಚೆ ತಪಸ್ಸುಕಾಲ ಬರುತ್ತದೆ. ಆಗ ಒಬ್ಬೊಬ್ಬರು ಒಂದೊಂದು ಬಿಡುತ್ತಾರೆ. ಒಬ್ಬರು ಮಾಂಸ, ಒಬ್ಬರು ಬೀಡಿ, ಇನ್ನೊಬ್ಬರು ಸಿಹಿ. ಆ ಕಾಲದ ಮೊದಲ ದಿನ, ಹಣೆಗೆ ಬೂದಿ ಹಚ್ಚಿಸಿಕೊಂಡು, ಇನ್ನಾಸಪ್ಪ ಗುರುಗಳ ಮುಂದೆ ಬಂದು ನಿಂತ.

“ನೀನೇನು ಬಿಡ್ತೀಯಪ್ಪಾ?” ಎಂದರು ಗುರುಗಳು.

“ಮಾತು ಬಿಡ್ತೀನಿ ಗುರುಗಳೆ. ಹಬ್ಬದ ತನಕ ದೇವರ ವಿಷಯ ಬಿಟ್ಟು ಬೇರೆ ಮಾತಿಲ್ಲ.”

ಕೊರಳಿಗೆ ಕಪ್ಪು ದಾರದಲ್ಲಿ ಒಂದು ಮರದ ಶಿಲುಬೆ ಹಾಕಿಕೊಂಡಿದ್ದ. ಅದು ವ್ರತದ ಗುರುತು. ಅದನ್ನು ಕಂಡವರು ಅವನನ್ನು ಮಾತಾಡಿಸಬಾರದು.

“ಗದ್ದೇಲಿ ಆಳುಗಳ ಹತ್ತಿರ?”

“ಕೈಸನ್ನೆ.”

“ಮನೇಲಿ?”

ಇನ್ನಾಸಪ್ಪ ಸ್ವಲ್ಪ ತಡೆದ. “ಮನೇಲಂತೂ ಇಲ್ಲವೇ ಇಲ್ಲ.”

ಗುರುಗಳು ಅವನ ಮುಖ ನೋಡಿದರು. “ಲೂರ್ದಮ್ಮ ಏನು ಮಾಡಿದಳು?”

ಹೇಳಬಾರದು ಅಂತಲೇ ಬಂದಿದ್ದ. ಕೇಳಿದ ಕೂಡಲೇ ಎಲ್ಲ ಹೇಳಿಬಿಟ್ಟ.

ಅವನದೊಂದು ಮದುವೆಯ ಕೋಟಿತ್ತು. ಕಂದು ಬಣ್ಣದ್ದು. ಟ್ರಂಕಿನಲ್ಲಿ ಬೇವಿನಸೊಪ್ಪು ಹಾಕಿ ಇಟ್ಟಿದ್ದ. ಕೇರಿಯ ಕೊನೆಮನೆ ಚೌರಪ್ಪನ ಮಗನಿಗೆ ಮದುವೆ ಗೊತ್ತಾಯಿತು, ಹುಡುಗನಿಗೆ ಕೋಟಿಲ್ಲ. ಲೂರ್ದಮ್ಮ ಟ್ರಂಕು ತೆಗೆದು ಕೊಟ್ಟಳು. ಎರವಲು ಕೊಟ್ಟದ್ದಲ್ಲ, ಕೊಟ್ಟೇಬಿಟ್ಟಳು. ತನ್ನ ಕೋಟು ಇನ್ನೊಬ್ಬನ ಮೈಮೇಲೆ ಗುಡಿಯೊಳಗೆ ನಡೆದು ಬರುವುದನ್ನು ಇನ್ನಾಸಪ್ಪ ಎಲ್ಲರ ಜೊತೆ ಕೂತು ನೋಡಬೇಕಾಯಿತು.

“ಇದ್ದವನು ಇಲ್ಲದವನಿಗೆ ಕೊಡಬೇಕು ಅಂತ ಜಗಲಿ ಮೇಲೆ ಕೂತು ದಿನಾ ಪಾಠ ಮಾಡ್ಕೋತಿದ್ನಲ್ಲ, ಅದನ್ನ ಕೇಳಿಸಿಕೊಂಡು ಕೊಟ್ಟಳಂತೆ.”

“ನೀನು ಹೇಳಿದ್ದನ್ನೇ ಮಾಡಿದಳು.”

“ನಾನು ಹೇಳಿದ್ದು ಊರಿಗೆ ಗುರುಗಳೆ. ಮನೆಗಲ್ಲ.”

ಗುರುಗಳಿಗೆ ನಗು ಬಂತು. ಗಡ್ಡ ನೀವಿಕೊಂಡು ತಡೆದುಕೊಂಡರು.

“ಸಿಟ್ಟಲ್ಲಿ ಹಿಡಿದ ವ್ರತ ಅಲ್ಲ ತಾನೆ ಇದು?”

“ಛೆ, ಎಲ್ಲಾದ್ರೂ ಉಂಟೆ. ಮಾತು ಬೆಳ್ಳಿ, ಮೌನ ಬಂಗಾರ.”

“ಬಂಗಾರ ಬೇಯಿಸಿ ಉಣ್ಣೋಕಾಗಲ್ಲ ಇನ್ನಾಸಪ್ಪ.”

ಶಿಷ್ಯ ಬಗ್ಗಲಿಲ್ಲ. “ದೇವರ ಮುಂದೆ ಮಾತು ಕೊಟ್ಟಾಗಿದೆ. ಮುರೀ ಅಂತೀರಾ?”



“ಬೇಡ. ಕೊಟ್ಟ ಮಾತು ಕೊಟ್ಟಿದ್ದೇ. ಆದರೆ ಬಾಯಿಗೆ ರಜೆ ಕೊಟ್ಟವನು ಕಿವಿಗೆ ಕೆಲಸ ಕೊಡಬೇಕು. ಲೂರ್ದಮ್ಮ ದಿನಾ ಏನೇನು ಹೇಳ್ತಾಳೋ ಅದನ್ನೆಲ್ಲ ಸಂಜೆ ಬಂದು ನನಗೆ ಒಪ್ಪಿಸು. ಒಂದಕ್ಷರ ಬಿಡಬಾರದು.”

“ಹೆಂಡತಿ ಮಾತು ದೇವರ ವಿಷಯವಾ ಗುರುಗಳೆ? ಅದನ್ನ ಆಡಿದರೆ ವ್ರತ ಕೆಡಲ್ವಾ?”

“ಅದನ್ನ ನೀನೇ ಕಂಡುಕೊಂಡು ನನಗೆ ಹೇಳು.”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರು ಉಂಡರು, ಮಲಗಿದರು. ಜಗಳ ಮಾತ್ರ ಎದ್ದು ಕೂತೇ ಇತ್ತು. ಒಬ್ಬಳೇ ಮಗಳನ್ನು ಹೋದ ವರ್ಷ ಮದುವೆ ಮಾಡಿ ಕಳಿಸಿದ್ದರು. ಮನೆಯಲ್ಲಿ ಇದ್ದವರು ಇಬ್ಬರೇ, ಅದರಲ್ಲಿ ಒಬ್ಬ ಮಾತು ಬಿಟ್ಟಿದ್ದ.

ಮರುದಿನ ಸಂಜೆ ಇನ್ನಾಸಪ್ಪ ಬಂದು ಕೂತ.

“ಸಾರಿಗೆ ಉಪ್ಪು ಸಾಕಾ ಅಂತ ಕೇಳಿದಳು.”

“ಸಾಕಾಗಿತ್ತಾ?”

“ಸಾಕಾಗಿತ್ತು.”

“ಅವಳಿಗೆ ಅದು ಗೊತ್ತಾಯಿತಾ?”



ಹೀಗೇ ದಿನ ಹೋದವು. ಕೋಳಿಗೂಡು ಮುಚ್ಚಿದಿರಾ ಅಂತ ಕೇಳಿದಳು. ಹಬ್ಬಕ್ಕೆ ಮಗಳಿಗೆ ಯಾವ ಬಣ್ಣದ ಸೀರೆ ತರೋಣ ಅಂತ ಕೇಳಿದಳು. ಬೆನ್ನು ನೋಯುತ್ತಿದೆಯಾ, ಎಣ್ಣೆ ಹಚ್ಚಲಾ ಅಂತ ಕೇಳಿದಳು. ಯೇಸುಸ್ವಾಮಿಯ ಶುಭಸಂದೇಶದ ವಾಕ್ಯಗಳನ್ನು ಬಾಯಿಪಾಠ ಮಾಡಿ ಪಳಗಿದ ತಲೆ ಅದು, ಹೆಂಡತಿಯ ಒಂದು ಮಾತನ್ನೂ ಬಿಡದೆ ತಂದು ಒಪ್ಪಿಸುತ್ತಿತ್ತು. ಗುರುಗಳು ಕಣ್ಣು ಮುಚ್ಚಿ, ಪೂಜೆಯಲ್ಲಿ ಕೇಳುವ ಹಾಗೆ ಕೇಳುತ್ತಿದ್ದರು.

ಒಂದು ಸಂಜೆ ಇನ್ನಾಸಪ್ಪ ಮುಖ ಗಂಟಿಕ್ಕಿಕೊಂಡು ಬಂದ.

“ಇವತ್ತು ಬೈದಳು ಗುರುಗಳೆ. ನಮ್ಮನೆ ಎಮ್ಮೆಯಾದ್ರೂ ಕರೆದರೆ ತಿರುಗಿ ನೋಡ್ತದೆ ಅಂದಳು.”

“ಬೈದಳಾ? ಒಳ್ಳೇದಾಯಿತು,” ಎಂದರು ಗುರುಗಳು. ಅವರ ಮುಖ ಅರಳಿತು.

ಇನ್ನಾಸಪ್ಪನಿಗೆ ರೇಗಿತು. “ನನ್ನ ನಿಷ್ಠೆಗೇನು ಕಮ್ಮಿಯಾಗಿದೆ ಹೇಳಿ. ಮದುವೆಯಾದಾಗಿಂದ ಇನ್ನೊಂದು ಹೆಣ್ಣಿನ ಕಡೆ ಕಣ್ಣೆತ್ತಿ ನೋಡಿದವನಲ್ಲ.”

ಗುರುಗಳು ಆಶ್ರಮದ ಚಾವಡಿಯ ಕಂಬ ತೋರಿಸಿದರು.

“ಅದೂ ನೋಡಿಲ್ಲ,” ಎಂದರು.

ಅವತ್ತು ಇನ್ನಾಸಪ್ಪ ಪಾಠಕ್ಕೆ ಕೂರದೆ ಎದ್ದುಹೋದ. ಕಂಬದ ಮಾತು ಮನೆತನಕ ಚುಚ್ಚುತ್ತಲೇ ಬಂತು.

ಗುರುವಾರ ಬಂದು ಹೇಳಿದ: “ನಿಮಗೆ ಸಿಟ್ಟು ಕೋಟಿನ ಮೇಲಾ, ನನ್ನ ಮೇಲಾ ಅಂತ ಕೇಳಿದಳು.”

“ಯಾರ ಮೇಲಪ್ಪಾ?”

ಬಾಯಿಗೆ ಬಂದದ್ದನ್ನು ಇನ್ನಾಸಪ್ಪ ನುಂಗಿದ. ಗುರುಗಳು ಒತ್ತಾಯ ಮಾಡಲಿಲ್ಲ.

ಶುಕ್ರವಾರ ಬಂದು ಹೇಳಿದ: “ಅಣ್ಣನ ಮನೆ ನೆನಪಾಗ್ತಿದೆ ಅಂದಳು.”

“ಯಾಕಂತೆ?”

“ಮಾವಿನಕಾಯಿ ಕಾಲ ಅಲ್ವಾ ಗುರುಗಳೆ. ಅವರ ತೋಟದಲ್ಲಿ ಒಳ್ಳೆ ಮರಗಳಿದ್ದಾವೆ.”

ಗುರುಗಳು ನಿಟ್ಟುಸಿರು ಬಿಟ್ಟರು. “ನಿನ್ನ ಮನೆ ಬಾಗಿಲು ತೆರೆದಿದೆ ಇನ್ನಾಸಪ್ಪ. ಹೋಗಿ ನೋಡಿಕೋ.”

ಅವನು ಹೋಗಿ ನೋಡಿದ. ಬಾಗಿಲು ಮುಚ್ಚಿತ್ತು, ಒಳಗಿಂದ ಚಿಲಕವೂ ಹಾಕಿತ್ತು. ಗುರುಗಳಿಗೆ ವಯಸ್ಸಾಯಿತು ಅಂದುಕೊಂಡ.

ಶನಿವಾರ, ಪಾಸ್ಕ ಹಬ್ಬಕ್ಕೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ದಿನ, ಇನ್ನಾಸಪ್ಪ ಹಗುರ ಮನಸ್ಸಿನಿಂದ ಬಂದ.

“ಇವತ್ತು ಏನೂ ಹೇಳಲಿಲ್ಲ ಗುರುಗಳೆ. ಮನೆ ತಣ್ಣಗಿತ್ತು. ಅವಳಿಗೂ ವ್ರತದ ಬೆಲೆ ಗೊತ್ತಾದ ಹಂಗೆ ಕಾಣ್ತದೆ.”

“ಬೈಯಲೂ ಇಲ್ವಾ?”

“ಇಲ್ಲ.”

“ಏನು ಮಾಡ್ತಿದ್ದಳು?”

“ಸೀರೆಗಳನ್ನ ಮಡಚಿ ಚೀಲಕ್ಕೆ ತುಂಬ್ತಿದ್ದಳು.”

ಗುರುಗಳು ಚಾಪೆಯಿಂದ ಎದ್ದರು. ಮಂಡಿನೋವಿನ ಮುದುಕರು ಅಷ್ಟು ಬೇಗ ಎದ್ದದ್ದನ್ನು ಶಿಷ್ಯ ಎಂದೂ ನೋಡಿರಲಿಲ್ಲ.

“ಕಡವಿನ ಹತ್ತಿರ ಓಡು. ಕೊನೇ ಹರಿಗೋಲು ಇನ್ನೂ ಬಿಟ್ಟಿರಲಿಕ್ಕಿಲ್ಲ.”

“ಯಾಕೆ ಗುರುಗಳೆ?”

“ಉಪವಾಸ ಮಾಡಿದವನು ನೀನು. ಹಸಿದವಳು ಅವಳು.”

ಆಗ ಇನ್ನಾಸಪ್ಪನಿಗೆ ಸೀರೆಗಳು ಕಂಡವು, ಚೀಲ ಕಂಡಿತು. ಗುರುಗಳು ತೆರೆದಿದೆ ಎಂದದ್ದು ಅವಳು ಹೊರಟುಹೋಗುವ ಬಾಗಿಲು ಅನ್ನುವುದೂ ತಿಳಿಯಿತು.

“ಹೋಗಿ ಏನಂತ ಕರೀಲಿ? ದೇವರ ಮುಂದೆ ವ್ರತ…”

“ಕೊಡು ಇಲ್ಲಿ.”

ಗುರುಗಳು ಅವನ ಕೊರಳಿನ ಶಿಲುಬೆಯನ್ನು ಬಿಚ್ಚಿ ತಮ್ಮ ಕೊರಳಿಗೆ ಹಾಕಿಕೊಂಡರು.

“ಉಳಿದ ಮೌನ ನಾನು ಹಿಡೀತೀನಿ. ಇಷ್ಟು ದಿನ ತಡ ಮಾಡಿದ್ದರಲ್ಲಿ ನನ್ನ ತಪ್ಪೂ ಇದೆ. ನೀನು ಹೋಗಿ ಮಾತಾಡು.”

ಅಷ್ಟು ಹೇಳಿ ಬಾಯಿ ಮುಚ್ಚಿದರು.

ಇನ್ನಾಸಪ್ಪ ಓಡಿದ. ಪಂಚೆ ಎತ್ತಿಕಟ್ಟಲೂ ಮರೆತು ಓಡಿದ.

ಲೂರ್ದಮ್ಮನ ಅಣ್ಣನ ಊರಿಗೆ ಹೋಗುವ ಬಸ್ಸು ನಿಲ್ಲುವುದು ಹೊಳೆಯ ಆಚೆ ದಡದಲ್ಲಿ. ಈಚೆ ದಡದಲ್ಲಿ ಹರಿಗೋಲಿನೊಳಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಲೂರ್ದಮ್ಮ ಕೂತಿದ್ದಳು. ಅಂಬಿಗ ಹುಟ್ಟು ಕೈಗೆ ತೆಗೆದುಕೊಂಡಿದ್ದ. ಇನ್ನಾಸಪ್ಪ ಮಂಡಿಯುದ್ದ ನೀರಿಗಿಳಿದು ಹರಿಗೋಲಿನ ಅಂಚು ಹಿಡಿದ.

ಅವಳು ಅವನನ್ನು ನೋಡಿ ಮುಖ ತಿರುಗಿಸಿಕೊಂಡಳು.

ಏನು ಹೇಳಬೇಕು? ಬಾಯಿಪಾಠ ಮಾಡಿದ ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅವಳ ಮಾತುಗಳು ಮಾತ್ರ ಇದ್ದವು.

“ಉಪ್ಪು ಸಾಕಾಗಿತ್ತು,” ಎಂದ.

ಲೂರ್ದಮ್ಮ ತಿರುಗಿದಳು. “ಏನಂದ್ರಿ?”

“ಅವತ್ತು ಸಾರಿಗೆ. ಉಪ್ಪು ಸಾಕಾಗಿತ್ತು. ಕೋಳಿಗೂಡು ನಾನೇ ಮುಚ್ಚಿದ್ದೆ. ಮಗಳಿಗೆ ಹಸಿರು ಬೇಡ, ಗುಲಾಬಿ ಬಣ್ಣದ್ದು ತರೋಣ. ಬೆನ್ನು ನೋಯ್ತಿತ್ತು ಲೂರ್ದು. ಎಣ್ಣೆ ಹಚ್ಚು ಅನ್ನೋದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.”



ಅವನು ಹೇಳುತ್ತಾ ಹೋದ. ಅವಳು ಕೇಳಿ ಮರೆತದ್ದೂ ಅವನಿಗೆ ನೆನಪಿತ್ತು. ಹಿತ್ತಲ ಸೀಬೆಗಿಡ ಕಡಿಯೋದು ಬೇಡ. ಹಾಲು ಒಯ್ಯುವವಳು ಬಂದು ಹೋಗಿದ್ದಳು. ಆ ರಾತ್ರಿ ಕೆಮ್ಮಿದ್ದು ನಾನೇ, ಬೆಕ್ಕಲ್ಲ. ಎಮ್ಮೆ ವಿಷಯ ನೀನು ಹೇಳಿದ್ದು ಸರಿ.

ಅಂಬಿಗ ಆಕಾಶ ನೋಡಿದ. “ಹೊತ್ತು ಮುಳುಗ್ತಾ ಅದೆ ಕಣಣ್ಣ. ಇನ್ನೂ ಅದಾ?”

“ಇನ್ನೂ ಅದೆ,” ಎಂದಳು ಲೂರ್ದಮ್ಮ.

ಅಂಬಿಗ ಹುಟ್ಟು ಕೆಳಗಿಟ್ಟು ಬೀಡಿ ಹಚ್ಚಿದ.

“ಗುರುವಾರ ಒಂದು ಕೇಳಿದ್ದೆ,” ಎಂದಳು ಅವಳು. “ಅದೊಂದನ್ನ ಹಾರಿಸಿಬಿಟ್ರಿ.”

ಇನ್ನಾಸಪ್ಪ ನೀರಿನ ಕಡೆ ನೋಡಿಕೊಂಡು ಹೇಳಿದ. “ಕೋಟಿನ ಮೇಲಲ್ಲ. ನಿನ್ನ ಮೇಲೇ. ನನ್ನ ಒಂದು ಮಾತು ಕೇಳದೆ ಕೊಟ್ಟುಬಿಟ್ಟೆ.”

“ಕೇಳಿದ್ರೆ ಕೊಡ್ತಿದ್ರಾ?”

ಅವನು ಯೋಚನೆ ಮಾಡಿದ. ಹೂಂ ಅಂದರೆ ಎಲ್ಲ ಸಲೀಸಾಗುತ್ತಿತ್ತು. ಆದರೆ ಇಷ್ಟು ದಿನದ ಮೇಲೆ ಬಾಯಿ ತೆರೆದು ಸುಳ್ಳಾಡಲು ಮನಸ್ಸು ಬರಲಿಲ್ಲ.

“ಇಲ್ಲ,” ಎಂದ.

ಲೂರ್ದಮ್ಮನಿಗೆ ನಗು ಬಂತು. ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆಗಲಿಲ್ಲ. ನಗುತ್ತಾ ನಗುತ್ತಾ ಅತ್ತಳು. ಇನ್ನಾಸಪ್ಪನಿಗೂ ಅಳು ಬಂತು, ಅಳುವಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

“ನಾನೂ ಕೇಳಬೇಕಾಗಿತ್ತು,” ಎಂದಳು ಅವಳು. “ಬೇಡ ಅಂತೀರಿ ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ತಪ್ಪು ನನ್ನದೂ ಅದೆ.”

ಅವಳು ಮೊದಲು ಚೀಲವನ್ನು ಅವನ ಕೈಗೆ ಕೊಟ್ಟಳು. ಆಮೇಲೆ ತನ್ನ ಕೈ ಕೊಟ್ಟು ಇಳಿದಳು.

ದಾರಿಯುದ್ದಕ್ಕೂ ಇನ್ನಾಸಪ್ಪ ಮಾತಾಡಿದ. ಬೇಲಿ, ಬಾವಿ, ಮಗಳು, ಮಳೆ, ಗುರುಗಳ ಮಂಡಿನೋವು, ಏನು ಸಿಕ್ಕಿದರೆ ಅದು. ಮನೆ ಬಾಗಿಲು ಮುಟ್ಟುವಷ್ಟರಲ್ಲಿ ಲೂರ್ದಮ್ಮ, “ಸಾಕು, ಸ್ವಲ್ಪ ಉಸಿರು ತಗೊಳ್ಳಿ,” ಎಂದಳು.

ಆ ವಾರವೆಲ್ಲ ಗುರುಗಳು ಪ್ರಾರ್ಥನೆ ಬಿಟ್ಟು ಒಂದು ಮಾತೂ ಆಡಲಿಲ್ಲ. ಯಾಕೆಂದು ಕೇಳಿದವರಿಗೆ ಕೊರಳಿನ ಶಿಲುಬೆ ತೋರಿಸಿ ನಕ್ಕರು. ಕಾರಣ ತಿಳಿದಿದ್ದವರು ಕೇರಿಯಲ್ಲಿ ಇಬ್ಬರೇ, ಅವರೂ ಯಾರಿಗೂ ಹೇಳಲಿಲ್ಲ.

ಪಾಸ್ಕ ಹಬ್ಬದ ಬೆಳಿಗ್ಗೆ ಪೂಜೆ ಮುಗಿಸಿಕೊಂಡು ಗಂಡ ಹೆಂಡತಿ ಒಟ್ಟಿಗೆ ಆಶ್ರಮಕ್ಕೆ ಬಂದರು. ಗುರುಗಳು ಇಬ್ಬರಿಗೂ ನೀರು ಕೊಟ್ಟರು. ಆಮೇಲೆ ಶಿಲುಬೆಯನ್ನು ಕೊರಳಿನಿಂದ ತೆಗೆದು ಶಿಷ್ಯನ ಕೈಗಿಟ್ಟರು.

ಇನ್ನಾಸಪ್ಪ ಕಾಲಿಗೆ ಬಿದ್ದ. “ನನ್ನಿಂದ ನಿಮಗೆ ಬಹಳ ಕಷ್ಟ ಆಯಿತು ಗುರುಗಳೆ.”

“ಕಷ್ಟವೇನಿಲ್ಲಪ್ಪ. ನಾನು ಮಾತಾಡಲಿ ಅಂತ ಕಾಯೋರು ಮನೇಲಿ ಯಾರಿದ್ದರು?”

ಇನ್ನಾಸಪ್ಪ ತಲೆ ತಗ್ಗಿಸಿದ. ಆದರೆ ಹುಟ್ಟಿದ ಗುಣ ಒಂದೇ ಹಬ್ಬಕ್ಕೆ ಎಲ್ಲಿ ಹೋದೀತು? ಸ್ವಲ್ಪ ಹೊತ್ತಿಗೆಲ್ಲ ಅವನ ಕಣ್ಣು ಮತ್ತೆ ಮಿಂಚಿತು. ಲೂರ್ದಮ್ಮ ಪಕ್ಕದಲ್ಲೇ ನಿಂತಿದ್ದಳು.

“ಗುರುಗಳೆ, ಬರೋ ವರ್ಷದ ತಪಸ್ಸುಕಾಲಕ್ಕೆ ಈಗಲೇ ಮನಸ್ಸು ಗಟ್ಟಿ ಮಾಡ್ಕೋಬೇಕು ಅಂತಿದ್ದೀನಿ. ನೀವೇ ಹೇಳಿ, ನಾನು ಏನು ಬಿಡಲಿ?”

ಗುರುಗಳು ಲೂರ್ದಮ್ಮನನ್ನು ನೋಡಿದರು. ಆಮೇಲೆ ಶಿಷ್ಯನನ್ನು ನೋಡಿದರು.

“ನನ್ನನ್ನ ಯಾಕೆ ಕೇಳ್ತೀಯಪ್ಪಾ? ನಾನೇನು ನಿನ್ನ ಹೆಂಡತಿಯಾ?”