ಹೆಗಲೇರಿದ ಮನೆ

ಇಂಡೊನೇಷ್ಯಾದ ಒಂದು ಮೂಲೆ ದ್ವೀಪದಲ್ಲಿ ಬೆಸ್ಸೆ ಎಂಬ ಬಲೆ ಹೆಣೆಯುವ ಹೆಂಗಸಿದ್ದಳು. ಕಂಬಗಳ ಮೇಲೆ ನಿಂತ ಮರದ ಮನೆ ಅವಳದು, ಕೆಳಗಿನ ನೆಲ ಜಮೀನುದಾರ ಲಾಬಾಸನದು.

"ನನ್ನ ಮಗಳ ಮದುವೆಗೆ ಇಲ್ಲಿ ಚಪ್ಪರ ಹಾಕಬೇಕು. ನಿನ್ನ ಮನೆ ಇವತ್ತೇ ಏಳಬೇಕು," ಎಂದ ಲಾಬಾಸ.

"ಆಗಲಿ ಧಣಿ," ಎಂದವಳೇ ಬೆಸ್ಸೆ ಸೀದಾ ಹೋಗಿ ಊರ ಡೋಲು ಬಾರಿಸಿದಳು.

ಆ ಊರಲ್ಲಿ ಮನೆಯನ್ನು ಬಿಚ್ಚುವುದಿಲ್ಲ. ಬಿದಿರು ಕಟ್ಟಿ, ಎಲ್ಲರೂ ಸೇರಿ ಇಡಿಯಾಗಿ ಹೊತ್ತು ನಡೆಯುತ್ತಾರೆ. ಡೋಲು ಕೇಳಿಯೂ ಹೆಗಲು ಕೊಡದವನ ಮನೆಯ ಮದುವೆಗೆ ಯಾರೂ ಹೋಗುವುದಿಲ್ಲ. ಲಾಬಾಸನೂ ಬಂದು ಹೆಗಲು ಕೊಡಬೇಕಾಯಿತು.

ಮನೆ ಎದ್ದಿತು. "ಎಲ್ಲಿಗೆ ಒಯ್ಯಬೇಕು?" ಎಂದು ಲಾಬಾಸ ಏದುಸಿರು ಬಿಡುತ್ತ ಕೇಳಿದ.

"ನನ್ನ ತಮ್ಮನ ಜಾಗಕ್ಕೆ, ಧಣಿ. ಆ ಗುಡ್ಡದ ಆಚೆ. ಸಂಜೆಯೊಳಗೆ ಮುಟ್ಟುತ್ತೇವೆ."

ಲಾಬಾಸ ಗುಡ್ಡ ನೋಡಿದ. ನಾಲ್ಕು ಹೆಜ್ಜೆ ಇಟ್ಟ. ಅಲ್ಲೇ ನಿಂತುಬಿಟ್ಟ.

"ಇಳಿಸ್ರಪ್ಪಾ," ಎಂದ. "ಮನೆ ಇದ್ದಲ್ಲೇ ಇರಲಿ. ಚಪ್ಪರ ನಮ್ಮ ಅಂಗಳದಲ್ಲೇ ಹಾಕಿಸ್ತೀನಿ."

ಬೆಸ್ಸೆ ಎಲ್ಲರಿಗೂ ಬಾಳೆಹಣ್ಣು ಕರಿದು ಬಡಿಸಿದಳು. ಮೊದಲ ತಟ್ಟೆ ಲಾಬಾಸನ ಕೈಗೆ ಕೊಟ್ಟು ತಲೆ ಬಾಗಿಸಿದಳು.

"ಎಲ್ಲರಿಗಿಂತ ನಿಮ್ಮ ಉಪಕಾರವೇ ದೊಡ್ಡದು, ಧಣಿ. ಇವರು ನನ್ನ ಮನೆ ಎತ್ತಿದರು. ಇಳಿಸಿದವರು ನೀವು."