ಮಡುವಿನೊಳಗೂ ಆರದ ಹೊಟ್ಟೆಕಿಚ್ಚು

ಒಂದು ಕಾಡಿನಲ್ಲಿ ಹೊಳೆ ತಿರುಗುವ ಕಡೆ ಆಳವಾದ ಮಡು ಇತ್ತು. ಅಲ್ಲಿ ತುಂಗಕ್ಕ ಎಂಬ ನೀರುನಾಯಿ ತನ್ನ ಮರಿಗಳ ಜೊತೆ ವಾಸವಾಗಿದ್ದಳು. ಅವಳು ಮುಳುಗಿದರೆ ಎಷ್ಟೋ ಹೊತ್ತು ಮೇಲೆ ಬರುತ್ತಿರಲಿಲ್ಲ. ಬರುವಾಗ ಬಾಯಲ್ಲಿ ದಪ್ಪ ಮೀನು!

ದಡದಲ್ಲಿದ್ದ ಕೆಂಚ ನರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ತನ್ನ ಹೊಟ್ಟೆ ತುಂಬಿದ್ದರೂ ಸಮಾಧಾನವಿಲ್ಲ. ತುಂಗಕ್ಕನ ಹೊಟ್ಟೆಯೂ ತುಂಬಿತಲ್ಲ, ಅದೇ ಅವನಿಗೆ ಸಂಕಟ!

"ಏನಕ್ಕಾ ನಿನ್ನ ಗುಟ್ಟು?" ಎಂದು ಒಂದು ದಿನ ನಯವಾಗಿ ಕೇಳಿದ.

"ಗುಟ್ಟೇನು ಬಂತು ಕೆಂಚ? ಮುಖಕ್ಕೆ ತಣ್ಣೀರು ತಾಗಿದ ಕೂಡಲೇ ನನ್ನ ಮಿದುಳು ಒಂದು ನರದ ಮೂಲಕ ಗುಂಡಿಗೆಗೆ 'ನಿಧಾನ, ನಿಧಾನ' ಅಂತ ಹೇಳಿಕಳಿಸುತ್ತೆ. ಗುಂಡಿಗೆ ಮೆಲ್ಲಗೆ ಬಡಿಯುತ್ತೆ. ಉಸಿರು ಬೇಗ ಮುಗಿಯೋದಿಲ್ಲ."

"ಅಯ್ಯೋ, ಇಷ್ಟೇನಾ! ಮಿದುಳು, ನರ, ಗುಂಡಿಗೆ ನನಗೂ ಇದೆ. ಪಂದ್ಯ ಕಟ್ಟೋಣ. ಇಬ್ಬರೂ ಒಟ್ಟಿಗೆ ಮುಳುಗೋಣ. ಮೊದಲು ಮೇಲೆದ್ದವರು ಈ ಜಾಗ ಬಿಟ್ಟು ಹೋಗಬೇಕು."

ತುಂಗಕ್ಕ ಬೇಡವೆಂದಳು. ಕೆಂಚ ಬಿಟ್ಟಾನೆಯೇ? "ಪುಕ್ಕಲಿ, ಪುಕ್ಕಲಿ!" ಎಂದು ಕಾಡೆಲ್ಲ ಡಂಗುರ ಸಾರಿದ. ಮರಿಗಳ ಸಪ್ಪೆ ಮುಖ ನೋಡಲಾರದೆ ಅವಳು ಒಪ್ಪಿದಳು. ಸೋತರೆ ಮರಿಗಳಿಗೆ ನೆಲೆಯೇ ಇರಲಿಲ್ಲ.

ಆಮೆಯಜ್ಜ ತೀರ್ಪುಗಾರ. ಕಳ್ಳ ಕೆಂಚ ಮೊದಲೇ ಜೊಂಡಿನ ನಡುವೆ ಟೊಳ್ಳು ಬಿದಿರಿನ ಕೊಳವೆ ಬಚ್ಚಿಟ್ಟಿದ್ದ. ಇಬ್ಬರೂ ಮುಳುಗಿದರು. ಕೆಂಚ ಕೊಳವೆ ಕಚ್ಚಿಕೊಂಡು ಹಾಯಾಗಿ ಉಸಿರಾಡತೊಡಗಿದ.

ಆದರೆ ಕಣ್ಣು ತುಂಗಕ್ಕನ ಮೇಲೇ! ಅವಳು ಕಲ್ಲಿನ ಪಕ್ಕ ಅಲುಗದೆ ಕೂತಿದ್ದಳು. 'ಅಬ್ಬಾ, ಎಷ್ಟು ನೆಮ್ಮದಿ ಇವಳಿಗೆ!' ಎಂದು ಕೆಂಚ ಕುದಿದ. ಅವನ ಮಿದುಳು ಇನ್ನೊಂದು ನರ ಹಿಡಿದು 'ಬೇಗ, ಬೇಗ!' ಎಂದು ಗುಂಡಿಗೆಯನ್ನು ಅಟ್ಟಿತು. ನೋಡಿದಷ್ಟೂ ಉರಿ, ಉರಿದಷ್ಟೂ ಢವಢವ. ಸಣ್ಣ ಕೊಳವೆಯ ಗಾಳಿ ಸಾಲದಾಯಿತು. ಕೊನೆಗೆ ತಡೆಯಲಾರದೆ, "ಇನ್ನೂ ಏಳಲ್ವಾ ನೀನು?" ಎಂದು ಅರಚಿಯೇಬಿಟ್ಟ!

ಬಾಯಿ ತೆರೆದದ್ದೇ ತಡ, ಕೊಳವೆ ಜಾರಿತು, ನೀರು ನುಗ್ಗಿತು. ಕೆಂಚ ಕೆಮ್ಮುತ್ತಾ ದಡಕ್ಕೆ ಬಿದ್ದ. ಹಿಂದೆಯೇ ಕೊಳವೆಯೂ ತೇಲಿ ಬಂತು.

ಅವನ ಅರಚಾಟ ಕೇಳಿಸಿಕೊಂಡಿದ್ದ ಆಮೆಯಜ್ಜ ನಕ್ಕ. "ಅಲ್ಲಯ್ಯಾ, ಇಷ್ಟು ಮೋಸ ಮಾಡಿಯೂ ಸೋತೆಯಲ್ಲ! ಅವಳನ್ನು ನೋಡದೆ ಕಣ್ಣು ಮುಚ್ಚಿಕೊಂಡಿದ್ದರೆ ಗೆದ್ದುಬಿಡುತ್ತಿದ್ದೆ. ನಡಿ ಇನ್ನು."

ಕೆಂಚ ಬಾಲ ಮುದುರಿಕೊಂಡು ಕಾಡು ದಾಟಿದ. ಮರಿಗಳು ಕುಣಿಯುತ್ತಾ, ಇನ್ನೂ ನೀರೊಳಗೇ ಕೂತಿದ್ದ ಅಮ್ಮನನ್ನು ಕರೆಯಲು ನೀರಿಗೆ ಹಾರಿದವು.

ನೀತಿ: ಇನ್ನೊಬ್ಬರ ಸುಖ ಕಂಡು ಉರಿಯುವವರು ಗೆಲ್ಲುವ ಆಟವನ್ನೂ ಸೋಲುತ್ತಾರೆ.