ಬೀಜದ ಮನೆಯ ಬೀಗದ ಕೈ

"ಗುರುಗಳೇ, ಒಳ್ಳೆಯ ಕೆಲಸವೊಂದಕ್ಕೆ ಒಬ್ಬನು ಅಡ್ಡ ನಿಂತಿದ್ದಾನೆ. ಅವನದು ನಿಷ್ಠೆಯೋ ಬರೀ ಹಠವೋ, ಹೇಗೆ ತಿಳಿಯಬೇಕು?" ಎಂದು ಶಿಷ್ಯನು ಕೇಳಿದನು.

"ಆ ಒಬ್ಬನು ನೀನೇ ಏನು?"

ಶಿಷ್ಯನು ತಲೆ ತಗ್ಗಿಸಿದನು. ಅವನು ಕಟ್ಟಡ ಕಟ್ಟಿಸುವ ಕೆಲಸದಲ್ಲಿದ್ದನು. ಒಂದು ಕಾಗದಕ್ಕೆ ಸಹಿ ಹಾಕಲು ಒಪ್ಪದೆ ಮೂರು ದಿನವಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಕೃಷಿ ವಿಶ್ವವಿದ್ಯಾಲಯದಲ್ಲಿ ಒಬ್ಬ ಹೆಂಗಸು ಬೀಜದ ಮನೆಯನ್ನು ನೋಡಿಕೊಳ್ಳುತ್ತಿದ್ದಳು. ಅದು ದಪ್ಪ ಮಣ್ಣುಗೋಡೆಯ ಹಳೆಯ ಕೋಣೆ. ಒಳಗೆ ಮುನ್ನೂರ ಹನ್ನೆರಡು ಮಡಕೆಗಳು. ಒಂದೊಂದರಲ್ಲಿ ಒಂದೊಂದು ತಳಿಯ ಬೀಜವನ್ನು ಬೂದಿ ಬೆರೆಸಿ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಟ್ಟಿದ್ದಳು. ಅವುಗಳಲ್ಲಿ ನಲವತ್ತು ತಳಿಗಳು ಯಾರ ಹೊಲದಲ್ಲೂ ಉಳಿದಿರಲಿಲ್ಲ.

ಮಡಕೆಯಲ್ಲಿ ಬೀಜ ಎರಡು ವರ್ಷ ತಾಳುತ್ತದೆ. ಆಮೇಲೆ ಬಿತ್ತಿ ಹೊಸ ಬೀಜ ತೆಗೆಯಬೇಕು. ತಂಪು ಕೋಣೆಯಲ್ಲಾದರೆ ಇಪ್ಪತ್ತು ವರ್ಷ ತಾಳುತ್ತದೆ. ಆದ್ದರಿಂದ ತಂಪು ಕೋಣೆ ಬೇಕೆಂದು ಮೊದಲ ಅರ್ಜಿ ಬರೆದವಳು ಅವಳೇ.

ಹದಿನೇಳು ವರ್ಷಗಳ ಮೇಲೆ ವಿಶ್ವವಿದ್ಯಾಲಯವು ಹೊಸ ಕಟ್ಟಡ ಕಟ್ಟಿತು. ಚಾವಣಿಯ ತುಂಬ ಸೌರ ಫಲಕಗಳನ್ನು ಹಾಸಿದರು. ಡೀಸೆಲ್ ಯಂತ್ರ ಬೇಡವೆಂದರು. 'ಸೂರ್ಯನಿಂದ ಬದುಕುವ ಕಟ್ಟಡ' ಎಂದು ಬಾಗಿಲ ಬಳಿ ಕಲ್ಲಿನಲ್ಲಿ ಕೆತ್ತಿಸಿದರು. ಬೀಜಗಳನ್ನು ಅಲ್ಲಿಗೆ ಸಾಗಿಸಿ, ಹಳೆಯ ಮನೆಯನ್ನು ಕೆಡವಿ, ಆ ಜಾಗದಲ್ಲಿ ಗಿಡ ನೆಡುವುದೆಂದು ತೀರ್ಮಾನವಾಯಿತು.

ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಹೊಸ ಕೋಣೆಯನ್ನು ಒರೆಸುತ್ತಿದ್ದಳು. ಊರಿನ ಕರೆಂಟು ಹೋಯಿತು. ಕೋಣೆಯ ಯಂತ್ರವೂ ನಿಂತಿತು. ಅವಳು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಹೊರಗೆ ಬಂದು ಮೇಲೆ ನೋಡಿದಳು. ಫಲಕಗಳ ಮೇಲೆ ಕಣ್ಣು ಕುಕ್ಕುವ ಬಿಸಿಲಿತ್ತು.

ಅವಳು ಎಂಜಿನಿಯರನ್ನು ಕೇಳಿದಳು.

"ಹೊರಗಿನ ತಂತಿ ಸತ್ತರೆ ಚಾವಣಿಯ ಕರೆಂಟೂ ನಿಲ್ಲಬೇಕಮ್ಮ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಸಾಯುತ್ತಾನೆ."

"ಸರಿಯಾದ ಮಾತು. ಬೀಜಕ್ಕೆ ಏನು ದಾರಿ?"

"ಅದಕ್ಕೆ ಬ್ಯಾಟರಿ, ಬೇರೆ ತಂತಿ ಬೇಕು. ನಕ್ಷೆಯಲ್ಲಿ ಬ್ಯಾಟರಿ ಕೋಣೆ ಇತ್ತು. ಅತಿಥಿಗಳು ಕಾಫಿ ಕುಡಿಯಲು ಜಾಗ ಸಾಲದೆಂದು ಅಲ್ಲಿ ಸೋಫಾ ಹಾಕಿಸಿದರು."

ತಂಪಿಗೆ ಒಗ್ಗಿದ ಬೀಜಕ್ಕೆ ಒಮ್ಮೆಲೇ ಸೆಕೆ ತಗುಲಿದರೆ ಅದು ಬೆವರುತ್ತದೆ. ಬೆವರಿದ ಬೀಜ ಮೊಳೆಯುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ಅವಳು ಹಳೆಯ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು.

ಕುಲಪತಿಗಳು ಅವಳನ್ನು ಕರೆಸಿದರು.

"ಏನಮ್ಮ, ಅರ್ಜಿ ಬರೆದವಳು ನೀನು. ಕಟ್ಟಿಸಿಕೊಟ್ಟರೆ ಬೇಡವೆನ್ನುವವಳೂ ನೀನು. ಊರೆಲ್ಲ ಪರಿಸರ ಉಳಿಸಲು ಹೊರಟಿರುವಾಗ ನೀನೊಬ್ಬಳು ಅದಕ್ಕೆ ಶತ್ರುವೇ?"

"ಒಂದು ಹಗಲು, ಒಂದು ರಾತ್ರಿ ಹೊರಗಿನ ತಂತಿಯಿಲ್ಲದೆ ನಡೆಸಿ ತೋರಿಸಿ, ಸರ್. ಮಾಪಕದಲ್ಲಿ ನಾಲ್ಕು ಡಿಗ್ರಿ ನಿಂತರೆ ಅದೇ ಗಳಿಗೆಯಲ್ಲಿ ಬೀಗದ ಕೈ ಕೊಡುತ್ತೇನೆ."

"ಉದ್ಘಾಟನೆ ಸೋಮವಾರ. ಪರೀಕ್ಷೆ ಮಾಡುತ್ತಾ ಕೂರಲು ಇದೇನು ಶಾಲೆಯೇ?"

"ಶಾಲೆಯೇ ಅಲ್ಲವೇ, ಸರ್?"

ಅವಳನ್ನು ಹೊರಗೆ ಕಳಿಸಿದರು. ಎರಡು ಬಾರಿ ಆಳು ಬಂದು ಬೀಗದ ಕೈ ಕೇಳಿದನು. ಎರಡು ಬಾರಿಯೂ ಅವಳು ಅದೇ ಮಾತು ಹೇಳಿದಳು.

ಸೋಮವಾರ ನಡುಮಧ್ಯಾಹ್ನ ಹೊಸ ಕಟ್ಟಡದ ಸಭಾಂಗಣದಲ್ಲಿ ಮುಖ್ಯ ಅತಿಥಿಗಳು ಭಾಷಣ ಮಾಡುತ್ತಿದ್ದರು. ಅವರು ಒಬ್ಬ ಮುದಿ ವಿಜ್ಞಾನಿ. ಅವಳು ಗೋಡೆಯ ಬಳಿಗೆ ನಡೆದು ಹೊರಗಿನ ತಂತಿಯ ಮೇನ್ ಸ್ವಿಚ್ಚನ್ನು ಕೆಳಗೆಳೆದಳು. ಮೈಕು ಸತ್ತಿತು. ಸಭಾಂಗಣ ಕತ್ತಲಾಯಿತು.

"ಯಾರದು?" ಎಂದು ಕುಲಪತಿಗಳು ಕೂಗಿದರು.

"ನಾನೇ, ಸರ್. ಹೊರಗೆ ಬಿಸಿಲಿದೆ. ಬಂದು ನೋಡಬಹುದು."

ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು ಅಲ್ಲೇ ಕುಳಿತಳು. ಎಬ್ಬಿಸಲು ಬಂದ ಕಾವಲುಗಾರನನ್ನು ಅತಿಥಿಗಳು ತಡೆದರು. ಎದ್ದು ಹೋಗಿ ತಂಪು ಕೋಣೆಯ ಮಾಪಕದ ಎದುರು ನಿಂತರು. ಒಂದು ಗಂಟೆಯಲ್ಲಿ ನಾಲ್ಕು ಇದ್ದದ್ದು ಒಂಬತ್ತಾಯಿತು. ಅಷ್ಟರಲ್ಲಿ ಎಂಜಿನಿಯರು ಬೀಗದ ವಿಷಯ, ಸೋಫಾದ ವಿಷಯ ಎರಡನ್ನೂ ಅವರಿಗೆ ಹೇಳಿದನು.

"ಆ ಬೀಗ ಒಡೆಯಬೇಡಿ. ಮೊದಲು ಸೋಫಾ ಹೊರಗೆ ಹಾಕಿ" ಎಂದು ಹೇಳಿ ಅತಿಥಿಗಳು ಊಟ ಮಾಡದೆ ಹೊರಟುಹೋದರು.

ಅಂದು ಸಂಜೆಯೇ ಅವಳನ್ನು ಕೆಲಸದಿಂದ ತೆಗೆದರು. ಅವಳು ಬೀಗದ ಕೈ ಕೊಡಲಿಲ್ಲ. ಪ್ರತಿ ಅಮಾವಾಸ್ಯೆಗೆ ನಡೆದು ಬಂದು, ಹಳೆಯ ಮನೆಯ ಬಾಗಿಲು ತೆರೆದು, ಮಡಕೆಗಳನ್ನು ನೋಡಿ, ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಕಾವಲುಗಾರನು ಬೇರೆ ಕಡೆಗೆ ಮುಖ ತಿರುಗಿಸಿ ನಿಲ್ಲುತ್ತಿದ್ದನು. ಐದು ತಿಂಗಳಲ್ಲಿ ಬ್ಯಾಟರಿಗಳು ಬಂದವು. ಬೇರೆ ತಂತಿ ಎಳೆದರು. ಅವಳಿಗೆ ಯಾರೂ ಹೇಳಿ ಕಳಿಸಲಿಲ್ಲ; ಅಮಾವಾಸ್ಯೆಗೆ ಬಂದಾಗ ಹೊಸ ತಂತಿಯನ್ನು ಅವಳೇ ಕಂಡಳು.

ಚೈತ್ರದಲ್ಲಿ ಬಿರುಗಾಳಿ ಬಂದು ಹನ್ನೊಂದು ಕಂಬಗಳು ಬಿದ್ದವು. ಸುತ್ತಿನ ಊರುಗಳಲ್ಲೆಲ್ಲ ಆರು ದಿನ ಕರೆಂಟು ಇರಲಿಲ್ಲ. ತಂಪು ಕೋಣೆಯ ಯಂತ್ರ ಮಾತ್ರ ನಿಲ್ಲಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಅವಳ ಮಾತೇ ಗೆದ್ದಿತು" ಎಂದನು ಶಿಷ್ಯ. "ಅವಳನ್ನು ಮರಳಿ ಕರೆದರೇ?"

"ಇಲ್ಲ."

"ಕಲ್ಲಿನಲ್ಲಿ ಅವಳ ಹೆಸರು?"

"ಇಲ್ಲ."

"ಅಷ್ಟು ಅವಮಾನವಾದ ಮೇಲೆ ಅವಳು ಬೀಗದ ಕೈ ಕೊಟ್ಟಿರಲಾರಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಕುಲಪತಿಗಳೇ ಮನೆಗೆ ಬಂದು ಬೇಡಲಿ ಎನ್ನುತ್ತಿದ್ದೆ."

ಗುರುಗಳು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು.

"ಕಂಬಗಳು ಬಿದ್ದದ್ದು ಸೋಮವಾರ ಮಧ್ಯಾಹ್ನ ನಾಲ್ಕಕ್ಕೆ. ಮಂಗಳವಾರ ನಾಲ್ಕಕ್ಕೆ ಅವಳು ಬಂದು, ಮಾಪಕದಲ್ಲಿ ನಾಲ್ಕು ಡಿಗ್ರಿ ಇರುವುದನ್ನು ನೋಡಿ, ಬೀಗದ ಕೈಯನ್ನು ಕಾವಲುಗಾರನ ಕೈಗಿಟ್ಟಳು."